ಎಡಗೈ ಕಿಸೆಯಲ್ಲಿರಲಿ

ಕಪ್ಪತಗುಡ್ಡದ ತಪ್ಪಲು, ಗದಗ ಸೀಮೆ
ತಂತಿ ಇಳಿದ ತೊಂಬತ್ತಾರನೆಯ ವರ್ಷ, ಹದಿಮೂರನೆಯ ತಿಂಗಳು, ಮೂರನೆಯ ದಿನ
(ನಿಮ್ಮ ಎಣಿಕೆಯಲ್ಲಿ ೨೨೩೧ನೇ ಇಸವಿ, ಬೇಸಿಗೆಯ ಕೊನೆ)

ಮಾನ್ಯ ದಾವಲಸಾಬ ನದಾಫ ಅವರಿಗೆ,

ಈ ತಾರೀಖನ್ನು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ನಮಗೆ ವರ್ಷಕ್ಕೆ ಹದಿಮೂರು ತಿಂಗಳು. ಕೊನೆಯದು ಐದೇ ದಿನಗಳ ತುಂಡು ತಿಂಗಳು. ಆ ಐದು ದಿನ ಯಾರೂ ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ, ಬರೆಯದೆ ಉಳಿದ ಕಾಗದಗಳನ್ನು ಬರೆದು ಮುಗಿಸುತ್ತೇವೆ. ನನ್ನ ಮಾತು ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಕಾಲದ ಬರಹದ ಕನ್ನಡವನ್ನು ನಾನು ಇಪ್ಪತ್ತು ವರ್ಷ ಓದಿ ಕಲಿತವಳು. ಓದಿ ಕಲಿತ ಭಾಷೆಯಲ್ಲಿ ನಡೆಯಬಹುದು, ಓಡಲಾಗದು. ನಮ್ಮ ಆಡುಮಾತಂತೂ ಈಗ ಪೂರ್ತಿ ಬದಲಾಗಿದೆ. ಜನ ಆಡಿದ್ದನ್ನು ಬರೆಯುವಾಗ ನಿಮ್ಮ ಗದಗಿನ ಮಾತಿಗೆ ತಿರುಗಿಸಿದ್ದೇನೆ. ತಪ್ಪಿದ್ದರೆ ನಕ್ಕು ಬಿಟ್ಟುಬಿಡಿ.

ಕಾಗದ ನಿಮ್ಮ ಕೈ ಸೇರುತ್ತದೆಂಬ ಭರವಸೆಯಿಂದ ಬರೆಯುತ್ತಿಲ್ಲ. ಹಿಂದಕ್ಕೆ ಹೋಗುವ ಅಂಚೆಯನ್ನು ನಾವೂ ಇನ್ನೂ ಕಂಡುಹಿಡಿದಿಲ್ಲ. ನಮ್ಮಲ್ಲೊಂದು ಪದ್ಧತಿ ಇದೆ. ಬತ್ತಿದ್ದ ಹಳೆಯ ಬಾವಿಯಲ್ಲಿ ಮತ್ತೆ ನೀರು ಬಂದರೆ, ಅದನ್ನು ತೋಡಿದವರಿಗೆ ಒಂದು ಕಾಗದ ಬರೆದು ಬಾವಿಯ ಕಲ್ಲಿನ ಸಂದಿಯಲ್ಲಿ ಇಟ್ಟು ಬರುತ್ತೇವೆ. ತೋಡಿದವರ ಹೆಸರು ಸಾಮಾನ್ಯವಾಗಿ ಗೊತ್ತಿರುವುದಿಲ್ಲ, ‘ತೋಡಿದ ಕೈಗೆ’ ಎಂದಷ್ಟೇ ಬರೆಯುತ್ತೇವೆ. ನಿಮ್ಮ ವಿಷಯದಲ್ಲಿ ನನಗೆ ಹೆಸರು ಸಿಕ್ಕಿತು. ಯಂತ್ರವೊಂದರ ಹೊಟ್ಟೆಯಲ್ಲಿ ಕಾಗದ ಇಡುತ್ತಿರುವುದು ನಮ್ಮ ಸೀಮೆಯಲ್ಲಿ ಇದೇ ಮೊದಲು. ಏಕೆಂದರೆ ಯಂತ್ರವೊಂದು ಸತ್ತು ಮತ್ತೆ ಎದ್ದದ್ದೂ ಇದೇ ಮೊದಲು.

ಇದನ್ನು ವಿವರಿಸಲು ನಮ್ಮ ಮನೆಗಳ ಬಗ್ಗೆ ನಾಲ್ಕು ಮಾತು ಹೇಳಬೇಕು. ನಮ್ಮಲ್ಲಿ ಕರೆಂಟಿನ ತಂತಿ ಇಲ್ಲ, ಅದನ್ನು ಕಂಬಗಳಿಂದ ಇಳಿಸಿದ ವರ್ಷದಿಂದಲೇ ನಮ್ಮ ಎಣಿಕೆ. ಗೋಡೆಯಲ್ಲಿ ಸ್ವಿಚ್ಚು ಇಲ್ಲ. ಪ್ರತಿ ವಸ್ತುವೂ ತನಗೆ ಬೇಕಾದ ಬಲವನ್ನು ತನ್ನೊಳಗೇ ತುಂಬಿಕೊಂಡು ಹುಟ್ಟುತ್ತದೆ. ಅದಕ್ಕೆ ನಾವು ಒಳಗಸುವು ಎನ್ನುತ್ತೇವೆ. ನಾನು ಕೋಣೆಗೆ ಬಂದರೆ ಗೋಡೆ ಬೆಳಗುತ್ತದೆ, ಹೋದರೆ ಆರುತ್ತದೆ, ಯಾರೂ ಏನನ್ನೂ ಒತ್ತುವುದಿಲ್ಲ. ಒಳಗಸುವು ಮುಗಿದ ದಿನ ಆ ವಸ್ತು ಸತ್ತಂತೆ. ಅದನ್ನು ಊರಾಚೆಯ ಕರಗುಕೊಳಕ್ಕೆ ಒಯ್ದು ಹಾಕಿದರೆ ಮೂರು ವಾರದಲ್ಲಿ ಮಣ್ಣಾಗುತ್ತದೆ. ಆ ಮಣ್ಣಿನಲ್ಲಿ ಮೆಂತ್ಯದ ಸೊಪ್ಪು ಚೆನ್ನಾಗಿ ಬರುತ್ತದೆ. ಕೆಟ್ಟದ್ದನ್ನು ಬಿಚ್ಚಿ, ನೋಡಿ, ಸರಿಮಾಡಿ ಮತ್ತೆ ಬಳಸುವುದು ನಮಗೆ ಗೊತ್ತಿಲ್ಲ. ದುರಸ್ತಿ ಎಂಬ ಶಬ್ದವನ್ನು ನಾನು ನಿಮ್ಮ ಕಾಲದ ಪುಸ್ತಕಗಳಲ್ಲಿ ಎಷ್ಟೋ ಸಲ ಓದಿದ್ದೆ. ಅದು ಮದುವೆಯ ಹಾಗೆ ಯಾವುದೋ ಒಂದು ಶಾಸ್ತ್ರ ಇರಬೇಕು ಎಂದೇ ತಿಳಿದಿದ್ದೆ.

ಇನ್ನೊಂದು ಕಾನೂನನ್ನೂ ಹೇಳಬೇಕು. ನಿಮ್ಮ ಕಾಲ ಬಿಟ್ಟುಹೋದ ರಾಶಿಗಳನ್ನು ತೆಗೆಯಲು ನಮ್ಮ ಹಿರಿಯರಿಗೆ ನಾಲ್ಕು ತಲೆಮಾರು ಹಿಡಿಯಿತು. ಬೈಯುತ್ತಿಲ್ಲ, ನಡೆದದ್ದು ಹೇಳುತ್ತಿದ್ದೇನೆ. ಆ ಆಯಾಸದಲ್ಲಿ ಅವರೊಂದು ನಿಯಮ ಮಾಡಿದರು: ಕೆಲಸ ಮಾಡದ ವಸ್ತುವನ್ನು ಯಾರೂ ಇಟ್ಟುಕೊಳ್ಳುವಂತಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಿ ಸಂತೋಷಪಡುವಂತೆಯೂ ಇಲ್ಲ. ಹಳೆಯದೇನಾದರೂ ಉಳಿಯಬೇಕೆಂದರೆ, ಬಂದವರ ಕೈಯಲ್ಲಿ, ಅವರ ಕಣ್ಣೆದುರು, ತಾನು ಹುಟ್ಟಿದ ಕೆಲಸವನ್ನು ಅದು ಮಾಡಿ ತೋರಿಸಬೇಕು. ಬಂದವರಿಗೆ ಅಪಾಯವೂ ಆಗಬಾರದು. ಇದನ್ನೆಲ್ಲ ನೋಡಿ ತೀರ್ಮಾನಿಸುವ ಒಂಬತ್ತು ಜನರ ಮಂಡಳಿಗೆ ಬಳಕೆ ಕೂಟ ಎಂದು ಹೆಸರು.

ಮೂರು ವರ್ಷದ ಹಿಂದೆ ಗದಗಿನ ಹಳೆಯ ಪೇಟೆಯಲ್ಲಿ ಒಂದು ಓಣಿಯನ್ನು ಕರಗಿಸುವಾಗ ಬಾಗಿಲೇ ಇಲ್ಲದ ಕೋಣೆಯೊಂದು ಸಿಕ್ಕಿತು. ಬಾಗಿಲಿದ್ದ ಜಾಗದಲ್ಲಿ ಯಾರೋ ಇಟ್ಟಿಗೆ ಕಟ್ಟಿ ಮುಚ್ಚಿದ್ದರು. ಮುಚ್ಚಿದವರು ಯಾರೋ ತಿಳಿಯದು. ಅವಸರದಲ್ಲಿ ಮಾಡಿದ ಕೆಲಸವಲ್ಲ ಅದು. ಒಳಗಿದ್ದ ಪ್ರತಿಯೊಂದನ್ನೂ ಎಣ್ಣೆಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದರು. ಗೋಡೆಗೊರಗಿಸಿದ ತಗಡಿನ ಬೋರ್ಡಿನ ಮೇಲೆ ನಿಮ್ಮ ಹೆಸರಿತ್ತು, ಅದರ ಕೆಳಗೆ ‘ರೇಡಿಯೊ, ಫ್ಯಾನು, ಮಿಕ್ಸರ್ ರಿಪೇರಿ’ ಎಂದಿತ್ತು. ಲೆಕ್ಕ ಹಾಕಿದಾಗ ನಲವತ್ತೊಂದು ವಸ್ತು. ಎಲ್ಲವನ್ನೂ ಕರಗಿಸಲೆಂದು ಕರಗುಕೊಳದ ದಂಡೆಗೆ ಒಯ್ದರು.

ಕೊಳದ ದಂಡೆಯಲ್ಲಿ ಕೆಲಸ ಮಾಡುವವಳು ಫಕ್ಕೀರವ್ವ. ಅರವತ್ತೆರಡು ವರ್ಷ, ಗಟ್ಟಿ ಧ್ವನಿ, ಕೈಯ ಚರ್ಮ ಕೊಳದ ನೀರಿಗೆ ಬೆಳ್ಳಗಾಗಿದೆ. ನಲವತ್ತು ವರ್ಷದಿಂದ ಊರಿನ ಸತ್ತ ವಸ್ತುಗಳನ್ನೆಲ್ಲ ಕರಗಿಸಿದವಳು ಅವಳೇ. ಮೊದಲು ನಿಮ್ಮ ರೇಡಿಯೊವನ್ನು ಎತ್ತಿ ಕೊಳಕ್ಕೆ ಬಿಡಲು ಹೊರಟಾಗ ಅದರ ಬೆನ್ನಿನ ಹಲಗೆ ಕಳಚಿ ಅವಳ ಕಾಲ ಮೇಲೆ ಬಿತ್ತು. ಒಳಗೆ ಪೆನ್ಸಿಲಿನಲ್ಲಿ ಏನೋ ಬರೆದಿತ್ತು. ಓದಲು ಬಾರದೆ ಅದನ್ನು ನನ್ನ ಬಳಿ ತಂದಳು. ನಾನು ಯಂತ್ರ ಓದಿದವಳಲ್ಲ, ನಿಮ್ಮ ಕಾಲದ ಕವಿತೆಗಳನ್ನು ಓದಿದವಳು. ಅವುಗಳಲ್ಲಿ ಫ್ಯೂಸು ಹೋದ ಮನೆ, ಉರಿದುಹೋದ ಬಲ್ಬು, ಸ್ಟೇಷನ್ ಸಿಗದೆ ಕೊರಕೊರ ಎನ್ನುವ ರೇಡಿಯೊ ಎಲ್ಲ ಬರುತ್ತವೆ. ಉಪಮೆ ಎಂದು ಗೊತ್ತಾಗುತ್ತದೆ, ಯಾವುದರ ಉಪಮೆ ಎಂದು ಗೊತ್ತಾಗುವುದಿಲ್ಲ. ಆ ಹಲಗೆಯನ್ನು ಕೈಯಲ್ಲಿ ಹಿಡಿದಾಗ, ಇಷ್ಟು ವರ್ಷ ಓದಿದ್ದಕ್ಕೆ ಮೊದಲ ಸಲ ಭಾರ ಬಂದಂತಾಯಿತು.

ನಿಮ್ಮ ಸಾಲುಗಳು ಒಂಬತ್ತು. ಮೊದಲನೆಯದು ೧೯೮೭ರದು, ‘ವಾಲ್ವ್ ಬದಲಿ’ ಎಂದಷ್ಟೇ. ವಾಲ್ವ್ ಎಂದರೆ ರೇಡಿಯೊದೊಳಗೆ ದೀಪದಂತೆ ಕಾಯುವ ಗಾಜಿನ ಕೊಳವೆ ಎಂದು ನಮಗೆ ಆಮೇಲೆ ತಿಳಿಯಿತು. ಆಮೇಲೆ ನಾಲ್ಕೈದು ವರ್ಷಕ್ಕೊಮ್ಮೆ ಒಂದೊಂದು ಸಾಲು, ಒಂದೊಂದು ತಾರೀಖು. ಅಕ್ಷರ ಬರಬರುತ್ತ ದೊಡ್ಡದಾಗಿದೆ, ಕಣ್ಣು ಮಂಜಾಗುತ್ತಿದ್ದಿರಬೇಕು. ಕೊನೆಯದು ೨೦೨೫ರದು: ‘ಕಂಡೆನ್ಸರ್ ಬದಲಿ. ಇನ್ನೂ ಹಾಡ್ತೈತಿ. ಮುಂದ ತೆಗಿಯೋರಿಗೆ: ಎಡಗೈ ಕಿಸೇದಾಗ ಇಡ್ರಿ.’

ನಾನು ಓದಿ ಹೇಳಿದಾಗ ಫಕ್ಕೀರವ್ವ ಒಂಬತ್ತು ಸಾಲುಗಳನ್ನೂ ಬೆರಳಿಟ್ಟು ಎಣಿಸಿದಳು. ಆಮೇಲೆ “ಅಕ್ಕಾರ, ಒಂಬತ್ತು ಸಲ ಸತ್ತೈತಿ ಇದು, ಒಂಬತ್ತು ಸಲ ಎಬ್ಬಿಸ್ಯಾನ. ನಾ ಹತ್ತನೇದಕ್ಕ ಕೊಳಕ್ಕ ಹಾಕಾಕ ಹೋಗಿದ್ದೆ” ಎಂದಳು. ಮರುದಿನ ಬಳಕೆ ಕೂಟಕ್ಕೆ ಹೋಗಿ ಮೂರು ವರ್ಷದ ಅವಕಾಶ ಕೇಳಿದಳು. ಅಷ್ಟರೊಳಗೆ ನಲವತ್ತೊಂದೂ ಕೆಲಸ ಮಾಡಬೇಕು, ಒಂದು ತಪ್ಪಿದರೂ ಎಲ್ಲವನ್ನೂ ಅವಳೇ ತನ್ನ ಕೈಯಾರೆ ಕರಗಿಸಬೇಕು ಎಂಬ ಷರತ್ತಿನ ಮೇಲೆ ಕೂಟ ಒಪ್ಪಿತು. ಹೀಗೆ ನಮ್ಮ ಕೈಮನೆ ಶುರುವಾಯಿತು. ಕೈಯಿಂದ ಮುಟ್ಟಿಯೇ ನೋಡಬೇಕಾದ ಮನೆ ಎಂದು ಆ ಹೆಸರು.

ಗುಡ್ಡದ ಮೇಲೆ ನಿಮ್ಮ ಕಾಲದ ಗಾಳಿಕಂಬಗಳು ಇನ್ನೂ ಕೆಲವು ನಿಂತಿವೆ, ರೆಕ್ಕೆ ಮಾತ್ರ ಇಲ್ಲ. ಅಂಥ ಒಂದು ಕಂಬದ ಬುಡದಲ್ಲಿ ನಮಗೆ ಜಾಗ ಕೊಟ್ಟರು. ಮೊದಲ ಸಮಸ್ಯೆ ಕರೆಂಟಿನದು. ನಿಮ್ಮ ವಸ್ತುಗಳು ಹೊರಗಿನಿಂದ ಬಲ ಬೇಡುತ್ತವೆ, ನಮ್ಮ ಲೋಕದಲ್ಲಿ ಹೊರಗೆ ಬಲವೇ ಇಲ್ಲ. ಪುಸ್ತಕ ನೋಡಿ ಒಂದು ಡೈನಮೊ ಕಟ್ಟಿದೆವು. ಇಬ್ಬರು ಕುಳಿತು ಪೆಡಲು ತುಳಿದರೆ ತಿರುಗುತ್ತದೆ. ಮೊದಲ ಬಲ್ಬು ಹತ್ತಿದ ದಿನ ತುಳಿಯುತ್ತಿದ್ದವರಲ್ಲಿ ನಾನೂ ಒಬ್ಬಳು. ತುಳಿತ ನಿಧಾನವಾದರೆ ಬೆಳಕು ಕೆಂಪಾಗಿ ಬಾಡುತ್ತಿತ್ತು, ಜೋರಾದರೆ ಬೆಳ್ಳಗಾಗುತ್ತಿತ್ತು. ನನ್ನ ಮೊಣಕಾಲಿನ ನೋವು ಎದುರು ಗೋಡೆಯ ಮೇಲೆ ಬೆಳಕಾಗಿ ಬೀಳುವುದನ್ನು ಜೀವನದಲ್ಲಿ ಮೊದಲ ಸಲ ಕಂಡೆ. ನಮ್ಮ ಗೋಡೆಬೆಳಕಿಗೆ ಯಾರ ನೋವೂ ತಗಲುವುದಿಲ್ಲ, ಅದಕ್ಕೇ ಇರಬೇಕು, ನಾವು ಅದನ್ನು ನೋಡುವುದೇ ಇಲ್ಲ.

ಒಂದೊಂದನ್ನೇ ಎಬ್ಬಿಸುತ್ತ ಹೋದೆವು. ನಿಮಗೆ ತೀರಾ ಮಾಮೂಲಾದವು ನಮ್ಮನ್ನು ದಿನಗಟ್ಟಲೆ ಹಿಡಿದು ನಿಲ್ಲಿಸಿದವು. ಸ್ವಿಚ್ಚು ಎಂಬ ಕಪ್ಪು ಗುಂಡಿಯನ್ನು ಕೆಳಕ್ಕೆ ಒತ್ತಿದಾಗ ಬರುವ ‘ಟಿಕ್’ ಎಂಬ ಸದ್ದನ್ನು ಕೇಳಲೆಂದೇ ಮುಂಡರಗಿಯಿಂದ ಜನ ನಡೆದು ಬಂದರು. ಬೇಕು ಎಂದರೆ ಬೇಕು, ಸಾಕು ಎಂದರೆ ಸಾಕು, ಅದನ್ನು ಬೆರಳಿಗೆ ಗೊತ್ತಾಗುವಂತೆ ಹೇಳುವ ಸಾಧನ ನಮ್ಮಲ್ಲಿ ಯಾವುದೂ ಇಲ್ಲ. ಫ್ಯಾನಿನ ರೆಗ್ಯುಲೇಟರನ್ನು ಒಂದರಿಂದ ಐದಕ್ಕೆ ತಿರುಗಿಸಿ ಮತ್ತೆ ಒಂದಕ್ಕೆ ತರುತ್ತ ಒಬ್ಬ ಮುದುಕಿ ಮಧ್ಯಾಹ್ನವೆಲ್ಲ ಕಳೆದಳು, ಮನೆಯವರು ಬಂದು ಕರೆದರೂ ಏಳಲಿಲ್ಲ. ಎರಡು ಟೆಲಿಫೋನುಗಳನ್ನು ಎರಡು ಕೋಣೆಯಲ್ಲಿಟ್ಟು ಜೋಡಿಸಿದೆವು. ಡಯಲು ತಿರುಗಿಸಿ ಬಿಟ್ಟಾಗ ಅದು ‘ಕಿರ್ರ್’ ಎಂದು ಹಿಂದಕ್ಕೆ ಬರುವಷ್ಟು ಹೊತ್ತು ಕಾಯಬೇಕಲ್ಲ, ಆ ಕಾಯುವಿಕೆಯಲ್ಲಿ ಏನು ಮಾತಾಡಬೇಕೆಂದು ಯೋಚಿಸಲು ಪುರುಸೊತ್ತು ಸಿಗುತ್ತದೆ ಎಂದು ಬಂದವರೆಲ್ಲ ಹೇಳಿದರು. ನಿಮಗೂ ಹಾಗೆ ಅನಿಸುತ್ತಿತ್ತೇ?

ಉಳಿದದ್ದು ನಿಮ್ಮ ಕೊನೆಯ ಸಾಲು. ಕಿಸೆ ಎಂದರೇನು ಎಂಬುದು ಮೊದಲು ಯಾರಿಗೂ ತಿಳಿಯಲಿಲ್ಲ. ನಮ್ಮ ಬಟ್ಟೆಗಳಿಗೆ ಕಿಸೆ ಇರುವುದಿಲ್ಲ, ಹೊತ್ತುಕೊಂಡು ಓಡಾಡುವಂಥದ್ದು ನಮ್ಮಲ್ಲಿ ಏನೂ ಇಲ್ಲ. ಉತ್ತರ ನಿಮ್ಮ ಅಂಗಡಿಯಲ್ಲೇ ಸಿಕ್ಕಿತು. ಮೊಳೆಗೆ ನೇತುಹಾಕಿದ್ದ ಖಾಕಿ ಪ್ಯಾಂಟನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಬಲಗಿಸೆಯಲ್ಲಿ ಮೂರು ಸ್ಕ್ರೂ, ಒಂದು ಸುರುಳಿ ತಾಮ್ರದ ತಂತಿ, ಒಂದು ಅಡಿಕೆ ಚೂರು ಇದ್ದವು. ಎಡಗಿಸೆಯಲ್ಲಿ ಏನೂ ಇರಲಿಲ್ಲ, ಬಟ್ಟೆ ಮಾತ್ರ ಸವೆದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಅದು ಯಾಕೆ ಹಾಗಾಯಿತೆಂದು ಆಗ ನಾವು ಯೋಚಿಸಲಿಲ್ಲ.

ನಾನು ಅರ್ಥ ಹೇಳಿದೆ. ಹಿರಿಯರ ಮುಂದೆ ನಾವು ಒಂದು ಕೈಯನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತೇವೆ, ಅದು ನಮ್ಮಲ್ಲಿ ಗೌರವದ ರೀತಿ. ಇದೂ ಅಂಥದ್ದೇ ಇರಬೇಕು, ಯಂತ್ರವನ್ನು ತೆರೆಯುವಾಗ ತೋರಿಸಬೇಕಾದ ಮರ್ಯಾದೆ ಇರಬೇಕು ಎಂದೆ. ಇಷ್ಟು ಓದಿದವಳು ಹೇಳಿದ ಮೇಲೆ ಯಾರೂ ಎದುರಾಡಲಿಲ್ಲ. ಎಡಗಡೆ ಒಂದೇ ಒಂದು ಕಿಸೆ ಇರುವ ಉದ್ದನೆಯ ಅಂಗಿಗಳನ್ನು ಹೊಲಿಸಿದೆವು. ಕೈಮನೆಗೆ ಬಂದವರೆಲ್ಲ ಅದನ್ನು ತೊಟ್ಟು, ಎಡಗೈಯನ್ನು ಕಿಸೆಯಲ್ಲಿಟ್ಟೇ ಸ್ವಿಚ್ಚು ಒತ್ತಬೇಕು, ಟಾರ್ಚು ಹಿಡಿಯಬೇಕು, ಬಾಗಿಲ ಬೆಲ್ಲು ಬಾರಿಸಬೇಕು. ಬಳಕೆ ಕೂಟದ ಹಿರಿಯ ಸದಸ್ಯ ಭೀಮರಡ್ಡಿಯವರು ಒಂದು ದಿನ ಬಂದು ನೋಡಿ, “ಇದೇನ್ರಿ ಅಕ್ಕಾರ, ಅಂಗಿಗೆ ಚೀಲ ಹೊಲಿಸೀರಿ, ಬುತ್ತಿ ಕಟಗೊಂಡು ಎಲ್ಲಿಗರೆ ಹೊಂಟೀರೇನು?” ಎಂದು ಚುಡಾಯಿಸಿದರು. ಫಕ್ಕೀರವ್ವನಿಗಂತೂ ಅದು ಕಿರಿಕಿರಿಯೇ. ಒಂದೇ ಕೈಯಲ್ಲಿ ಬೆಸುಗೆ ಹಾಕುವುದು ಸುಲಭವಲ್ಲ. “ಮರ್ಯಾದಿ ಮಾಡಾಕ ಹೋಗಿ ನನ್ನ ಕೈಯೇ ಮಡಚಿ ಇಟ್ಟಂಗ ಆತು” ಎಂದು ಗೊಣಗುತ್ತಿದ್ದಳು. ಆದರೂ ಒಂದು ದಿನವೂ ತಪ್ಪಿಸಲಿಲ್ಲ. ನೀವು ಹೇಳಿದ್ದೀರಿ ಎಂಬುದೊಂದೇ ಕಾರಣ.

ನಲವತ್ತು ವಸ್ತುಗಳು ಎದ್ದವು. ರೇಡಿಯೊ ಮಾತ್ರ ಏಳಲಿಲ್ಲ. ಅದರ ಕಂಡೆನ್ಸರುಗಳು ಒಣಗಿ ಹೋಗಿದ್ದವು. ತೆಳ್ಳನೆಯ ತಗಡಿನ ಹಾಳೆ, ಕಾಗದ ಸೇರಿಸಿ ಸುತ್ತಿ ಹೊಸದನ್ನು ನಾವೇ ಮಾಡಿಕೊಂಡೆವು. ಕೂಟ ಬರುವುದಕ್ಕೆ ಹನ್ನೆರಡು ದಿನ ಇತ್ತು. ಅಂದು ಬೆಳಿಗ್ಗೆ ದೊಡ್ಡ ವಾಲ್ವನ್ನು ಒರೆಸಲೆಂದು ಕಿತ್ತು ಪಕ್ಕಕ್ಕಿಟ್ಟು, ಹೊಸ ಕಂಡೆನ್ಸರು ಬಲ ಹಿಡಿಯುತ್ತದೆಯೇ ನೋಡೋಣವೆಂದು ಸ್ವಲ್ಪ ಹೊತ್ತು ಕರೆಂಟು ಕೊಟ್ಟೆವು. ಆಮೇಲೆ ಸ್ವಿಚ್ಚು ಆರಿಸಿದೆವು, ಪ್ಲಗ್ಗನ್ನೂ ಕಿತ್ತೆವು. ನಮ್ಮ ಲೋಕದಲ್ಲಿ ಆರಿದ್ದು ಎಂದರೆ ಸತ್ತದ್ದು. ಸತ್ತದ್ದರಲ್ಲಿ ಬಲ ಇರುತ್ತದೆಂಬುದನ್ನು ನಾವು ಹುಟ್ಟಿದಾಗಿನಿಂದ ಕೇಳಿಲ್ಲ. ನಲವತ್ತು ವರ್ಷ ಸತ್ತ ವಸ್ತುಗಳನ್ನೇ ಎತ್ತಿದವಳು ಫಕ್ಕೀರವ್ವ. ಒಂದು ಬೆಸುಗೆ ಸಡಿಲವಾದಂತೆ ಕಂಡಿತು, ನೋಡಲು ಬಲಗೈಯ ಮಣಿಕಟ್ಟನ್ನು ತಳದ ತಗಡಿಗೆ ಊರಿ ಬೆರಳನ್ನು ಒಳಗೆ ಹಾಕಿದಳು.

ಸದ್ದೇನೂ ಆಗಲಿಲ್ಲ. ಅವಳು ಮಾತ್ರ ಎರಡು ಹೆಜ್ಜೆ ಹಿಂದೆ ಬಿದ್ದಿದ್ದಳು, ಕಣ್ಣು ತೆರೆದೇ ಇತ್ತು, ಎಡಗೈ ಇನ್ನೂ ಕಿಸೆಯಲ್ಲೇ ಇತ್ತು. ನಾನು ಹೆಸರು ಹಿಡಿದು ಕೂಗಿದೆ. ಬಹಳ ಹೊತ್ತಿನ ಮೇಲೆ, “ಸತ್ತಿರಲಿಲ್ಲ ಅಕ್ಕಾರ ಅದು” ಎಂದಳು. ಅವಳು ಹೇಳಿದ್ದು ರೇಡಿಯೊದ ಬಗ್ಗೆ. ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ಬಲ ಉಳಿದಿತ್ತು, ಅದನ್ನು ಹೀರಬೇಕಾದ ವಾಲ್ವು ಪಕ್ಕದಲ್ಲಿತ್ತು.

ಮೈಬಲ್ಲವಳು ಬಂದಳು. ನಿಮ್ಮ ಕಾಲದಲ್ಲಿ ಡಾಕ್ಟರ್ ಎನ್ನುತ್ತಿದ್ದಿರಿ. ಬೆರಳಿನ ತುದಿಯ ಸುಟ್ಟ ಗುರುತನ್ನು ನೋಡಿದಳು, ಹೇಗೆ ನಿಂತಿದ್ದಳೆಂದು ಕೇಳಿದಳು, ಹೃದಯಕ್ಕೆ ಕಿವಿಗೊಟ್ಟು ಕೇಳಿದಳು. ಆಮೇಲೆ ಎಡಗೈ ಎಲ್ಲಿತ್ತು ಎಂದು ವಿಚಾರಿಸಿದಳು. ಕಿಸೆಯಲ್ಲಿತ್ತು ಎಂದೆ. ಕೆಲಸ ಮಾಡುವಾಗ ಜನ ಸಾಮಾನ್ಯವಾಗಿ ಎಡಗೈಯನ್ನು ಎಲ್ಲಿಡುತ್ತಾರೆ ಎಂದಳು. ರೇಡಿಯೊದ ತಳದ ತಗಡನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ ಎಂದೆ. ಆಕೆ ತನ್ನ ಬಲಗೈಯಿಂದ ಎಡಗೈವರೆಗೆ ಎದೆಯ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು ತೋರಿಸಿದಳು. ನಡುವೆ ಹೃದಯ. “ಆ ಕೈ ಹೊರಗಿದ್ದಿದ್ರ ನಾ ಬರೋದ ಬೇಕಿರ್ಲಿಲ್ಲ” ಎಂದಷ್ಟೇ ಹೇಳಿದಳು.

ನಾನು ಮರ್ಯಾದೆ ಎಂದು ಅರ್ಥ ಹೇಳಿದ್ದೆ, ದಾವಲಸಾಬರೇ. ಜೀವ ಎಂದು ನೀವು ಬರೆದಿದ್ದಿರಿ. ಫಕ್ಕೀರವ್ವ ಎದ್ದು ಓಡಾಡುವಂತಾದ ಮೇಲೆ ಮಾಡಿದ ಮೊದಲ ಕೆಲಸವೆಂದರೆ ನಿಮ್ಮ ಪ್ಯಾಂಟಿನ ಬಳಿ ಹೋಗಿ, ಸವೆದ ಎಡಗಿಸೆಯಲ್ಲಿ ತನ್ನ ಕೈ ಇಟ್ಟು ನಿಂತದ್ದು. ಆ ಬಟ್ಟೆ ಯಾಕೆ ತೆಳ್ಳಗಾಗಿತ್ತೆಂದು ಈಗ ಇಬ್ಬರಿಗೂ ತಿಳಿದಿತ್ತು. ನಿಮ್ಮ ಕೈ ಅಲ್ಲಿ ಮೂವತ್ತೆಂಟು ವರ್ಷ ಇತ್ತು. ಪ್ರತಿ ಸಲ ಅದು ಅಲ್ಲಿದ್ದದ್ದರಿಂದ ನೀವು ಸಂಜೆ ಮನೆಗೆ ಹೋದಿರಿ, ಮತ್ತೊಂದು ಸಾಲು ಬರೆದಿರಿ, ಆ ಸಾಲು ಇನ್ನೂರಕ್ಕೂ ಹೆಚ್ಚು ವರ್ಷ ಕತ್ತಲಲ್ಲಿ ಕಾದಿತ್ತು. ಮುಂದೆ ತೆಗೆಯುವವರು ಯಾರು, ಅವರಿಗೆ ಮುಖ ಇದೆಯೋ ಇಲ್ಲವೋ, ನಿಮಗೆ ಗೊತ್ತಿರಲಿಲ್ಲ. ಆದರೂ ಅವರ ಹೃದಯ ಯಾವ ಕಡೆ ಇರುತ್ತದೆಂದು ನೆನಪಿಟ್ಟಿರಿ.

ಈ ಅಪಘಾತವನ್ನು ಕೂಟದಿಂದ ಮುಚ್ಚಿಡಬಹುದಿತ್ತು. ನಿಜ ಹೇಳಬೇಕೆಂದರೆ ನಾನು ಹಾಗೆ ಸೂಚಿಸಿದೆ ಕೂಡ. ಬಂದವರಿಗೆ ಅಪಾಯ ಆಗಬಾರದೆಂಬುದು ಕಾನೂನು, ಗೊತ್ತಾದರೆ ನಲವತ್ತೊಂದೂ ಕೊಳಕ್ಕೆ ಹೋಗುತ್ತವೆ. ಫಕ್ಕೀರವ್ವ ನನ್ನನ್ನು ದಿಟ್ಟಿಸಿ, “ಅಂವ ಬರದಿಟ್ಟ ಹೋದ. ನಾವು ಮುಚ್ಚಿಟ್ಟು ಹೋಗೋದನ?” ಎಂದಳು.

ಉಳಿದ ದಿನಗಳಲ್ಲಿ ಸಡಿಲ ಬೆಸುಗೆಯನ್ನು ಸರಿಮಾಡಿ, ವಾಲ್ವನ್ನು ಮತ್ತೆ ಕೂರಿಸಿದೆವು. ಕೂಟ ಬಂದದ್ದು ಮಧ್ಯಾಹ್ನ. ಒಂಬತ್ತೂ ಜನ ಕಿಸೆಯ ಅಂಗಿ ತೊಟ್ಟು, ನಗು ತಡೆದುಕೊಳ್ಳುತ್ತ, ಒಂದೊಂದು ವಸ್ತುವನ್ನೂ ಮುಟ್ಟಿ ನೋಡಿದರು. ಸ್ವಿಚ್ಚಿನ ಮುಂದೆ ಭೀಮರಡ್ಡಿಯವರೇ ಹನ್ನೊಂದು ಸಲ ಟಿಕ್ ಎನಿಸಿದರು. ರೇಡಿಯೊದ ಮೇಜಿನ ಹತ್ತಿರ ಬಂದಾಗ ಫಕ್ಕೀರವ್ವ ಸುಟ್ಟ ಬೆರಳನ್ನು ತೋರಿಸಿ ನಡೆದದ್ದೆಲ್ಲ ಹೇಳಿದಳು. ಕೋಣೆ ಗಂಭೀರವಾಯಿತು. “ಅಲ್ಲವಾ, ಕಚ್ಚೋ ವಸ್ತು ಮಂದಿ ಕೈಯಾಗ ಕೊಡ್ತೀಯೇನು?” ಎಂದು ಭೀಮರಡ್ಡಿಯವರು ಕೇಳಿದರು. ಚೇಷ್ಟೆ ಇರಲಿಲ್ಲ ಆ ದನಿಯಲ್ಲಿ. “ಹೊರಗಿಂದ ಮುಟ್ಟಿದ್ರ ಕಚ್ಚಂಗಿಲ್ಲರಿ, ಹಲಗಿ ತಗದು ಒಳಗ ಕೈ ಹಾಕಿದ್ರ ಕಚ್ಚತೈತಿ” ಎಂದಳು ಫಕ್ಕೀರವ್ವ. “ಒಳಗ ಕೈ ಹಾಕೋರಿಗೆ ಅಂತನ ಅಂವ ಬರದಿದ್ದ. ನಾವು ಓದಿದ್ವಿ, ಪಾಲಿಸಿದ್ವಿ, ತಿಳದಿರಲಿಲ್ಲ. ತಿಳೀದನ ಪಾಲಿಸಿದ್ದಕ್ಕ ನಾ ನಿಮ್ಮುಂದ ನಿಂತೀನಿ. ತಿಳದು ಪಾಲಿಸೋರಿಗೆ ಏನಾಕ್ಕೈತ್ರಿ?”

ಅವರು ಅದನ್ನು ಆಮೇಲೆ ನೋಡೋಣ, ಮೊದಲು ಅದು ಕೆಲಸ ಮಾಡಲಿ ಎಂದರು. ಪೆಡಲಿನ ಮೇಲೆ ನಾನೂ ಕೂಟದ ಒಬ್ಬ ಹೆಂಗಸೂ ಕುಳಿತೆವು. ಭೀಮರಡ್ಡಿಯವರು ಎಡಗೈ ಕಿಸೆಯಲ್ಲಿಟ್ಟು ಗುಂಡಿ ತಿರುಗಿಸಿದರು. ಗಾಜಿನ ಹಿಂದೆ ಹಳದಿ ದೀಪ ಹತ್ತಿತು, ಅದರ ಮೇಲೆ ಊರುಗಳ ಹೆಸರಿದ್ದವು, ಒಂದು ಕೆಂಪು ಕಡ್ಡಿ ಆ ಊರುಗಳ ಮೇಲೆ ಹರಿದಾಡಿತು. ಬೆಚ್ಚಗಾದ ಧೂಳಿನ ವಾಸನೆ ಬಂತು. ಆಮೇಲೆ ‘ಸ್ಸ್’ ಎಂಬ ಸದ್ದು, ಮರಳು ಜರಡಿ ಹಿಡಿದ ಹಾಗೆ. ಕಡ್ಡಿಯನ್ನು ಈ ತುದಿಯಿಂದ ಆ ತುದಿಗೆ ಒಯ್ದರೂ ಅಷ್ಟೇ. ನನಗೆ ಗೊತ್ತಿತ್ತು, ಈ ಭೂಮಿಯ ಮೇಲೆ ರೇಡಿಯೊಗೆ ಮಾತಾಡುವವರು ಯಾರೂ ಉಳಿದಿಲ್ಲ. ಏನಾದರೊಂದು ಸಿಕ್ಕೀತು ಎಂದು ಮನಸ್ಸಿನಲ್ಲೇ ಹಟ ಹಿಡಿದಿದ್ದೆ. “ಹಾಡೋದು ಇದರ ಕೆಲಸ ಅಂದ್ರಿ. ಹಾಡ್ಲಿಲ್ಲ” ಎಂದರು ಭೀಮರಡ್ಡಿಯವರು, ಬೇಸರದಿಂದಲೇ. ಫಕ್ಕೀರವ್ವ ಬಾಗಿಲಾಚೆ ನೋಡುತ್ತಿದ್ದಳು. ಅಲ್ಲಿಂದ ಕರಗುಕೊಳ ಕಾಣುತ್ತದೆ.

ಆಗ ರೇಡಿಯೊ ‘ಚಟಾರ್’ ಎಂದಿತು. ಅದೇ ಕ್ಷಣ ಕಿಟಕಿಯಾಚೆ, ಗುಡ್ಡದ ಹಿಂದಿನ ಕಪ್ಪು ಮೋಡದಲ್ಲಿ ಮಿಂಚು ಹೊಳೆಯಿತು. ನಾವೆಲ್ಲ ಆ ಕಡೆ ತಿರುಗಿದೆವು. ಯಾರೋ ಎಣಿಸತೊಡಗಿದರು. ಇಪ್ಪತ್ತೆರಡಕ್ಕೆ ಗುಡುಗು ಬಂತು, ಮೆಲ್ಲಗೆ, ದೂರದಿಂದ. ಮತ್ತೊಮ್ಮೆ ಚಟಾರ್, ಮತ್ತೊಮ್ಮೆ ಮಿಂಚು, ಎಣಿಕೆ, ಗುಡುಗು. ಆಮೇಲೆ ಮಿಂಚು ಕಾಣದೆಯೇ ರೇಡಿಯೊ ಚಟಪಟಿಸಿತು, ಸಣ್ಣಗೆ, ಬಿಟ್ಟು ಬಿಟ್ಟು. ಗುಡುಗೂ ಬರಲಿಲ್ಲ. ಆ ಮಿಂಚು ನಮ್ಮ ಆಕಾಶದ್ದಲ್ಲ. ಘಟ್ಟದಾಚೆ, ಅಥವಾ ಸಮುದ್ರದ ಮೇಲೆ, ನಮ್ಮ ಕಣ್ಣು ಕಿವಿಗಳ ಅಳತೆಗೆ ಸಿಗದ ಎಲ್ಲೋ ಒಂದು ಕಡೆ ಮಳೆ ಶುರುವಾಗಿತ್ತು, ನಿಮ್ಮ ಪೆಟ್ಟಿಗೆ ಅದನ್ನು ಕೇಳುತ್ತಿತ್ತು. ನಾನು ತುಳಿಯುವುದನ್ನು ಮರೆತಿದ್ದೆ, ಪಕ್ಕದ ಹೆಂಗಸು ಒಬ್ಬಳೇ ಏದುಸಿರು ಬಿಡುತ್ತ ತುಳಿಯುತ್ತಿದ್ದಳು.

ಭೀಮರಡ್ಡಿಯವರು ರೇಡಿಯೊದ ಬಟ್ಟೆಯ ಮುಖಕ್ಕೆ ಕಿವಿ ಹಚ್ಚಿ ಬಹಳ ಹೊತ್ತು ನಿಂತರು. ಆಮೇಲೆ ತಲೆ ಎತ್ತದೆಯೇ, “ಇದರ ಕೆಲಸ ಹಾಡೋದಲ್ಲ, ಫಕ್ಕೀರವ್ವ. ಕೇಳೋದು. ಕೇಳಾಕತ್ತೈತಿ ನೋಡು ಇನ್ನೂ” ಎಂದರು. ಕೂಟದವರು ಒಬ್ಬೊಬ್ಬರಾಗಿ ಬಂದು ಕಿವಿ ಹಚ್ಚಿದರು. ಎಲ್ಲರ ಎಡಗೈಯೂ ಕಿಸೆಯಲ್ಲಿತ್ತು. ಈ ಸಲ ಯಾರೂ ನಗಲಿಲ್ಲ.

ಕೈಮನೆ ಉಳಿಯಿತು. ಒಂದು ಷರತ್ತು ಹಾಕಿದ್ದಾರೆ: ಬಂದವರಿಗೆ ಅಂಗಿ ಕೊಡುವಾಗ ಕಿಸೆ ಯಾಕೆ ಎಂದು ಮೊದಲು ಹೇಳಬೇಕು, ಆಮೇಲೇ ಒಳಗೆ ಬಿಡಬೇಕು. ಆ ಕೆಲಸವನ್ನು ಫಕ್ಕೀರವ್ವ ಯಾರಿಗೂ ಬಿಟ್ಟುಕೊಟ್ಟಿಲ್ಲ. ಎದೆಯ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸುತ್ತಾಳೆ, ಸುಟ್ಟ ಗುರುತನ್ನೂ ತೋರಿಸುತ್ತಾಳೆ. ಕೊಳದ ಕೆಲಸಕ್ಕೆ ಈಗ ವಾರಕ್ಕೆ ಎರಡೇ ದಿನ ಹೋಗುತ್ತಾಳೆ. ಹೋದಾಗಲೂ ಪ್ರತಿ ವಸ್ತುವಿನ ಬೆನ್ನನ್ನು ತಿರುಗಿಸಿ ನೋಡಿಯೇ ಕೊಳಕ್ಕೆ ಬಿಡುತ್ತಾಳೆ, ಯಾರಾದರೂ ಏನಾದರೂ ಬರೆದಿದ್ದಾರೇನೋ ಎಂದು. ಯಾರೂ ಬರೆದಿರುವುದಿಲ್ಲ. ನಾವು ಬರೆಯುವವರಾಗಿರಲಿಲ್ಲ, ಮುಂದೆ ತೆಗೆಯುವವರು ನಮಗೆ ಇರಲಿಲ್ಲವಲ್ಲ.

ನಿನ್ನೆ ಅವಳು ನಿಮ್ಮ ಒಂಬತ್ತು ಸಾಲುಗಳ ಕೆಳಗೆ ಹತ್ತನೆಯದನ್ನು ಬರೆದಳು. ಅಕ್ಷರ ಕಲಿಯಲು ನಾಲ್ಕು ತಿಂಗಳು ಹಿಡಿಯಿತು, ಪೆನ್ಸಿಲು ನಿಮ್ಮ ಅಂಗಡಿಯದೇ. ‘ಆರಿಸಿದ ಮ್ಯಾಲೂ ಸ್ವಲ್ಪ ಹೊತ್ತು ಸತ್ತಿರಂಗಿಲ್ಲ. ಕಾದು ಮುಟ್ರಿ. ಎಡಗೈ ಇವರು ಹೇಳಿದಂಗ’ ಎಂದು ಬರೆದಿದ್ದಾಳೆ. ತಾರೀಖು ನಮ್ಮ ಎಣಿಕೆಯದು, ನಿಮಗೆ ವಿಚಿತ್ರ ಎನಿಸೀತು.

ನನ್ನದೊಂದು ಕೋರಿಕೆ. ಈ ಹೊತ್ತು ನಿಮ್ಮ ಮೇಜಿನ ಮೇಲೆ ಇನ್ನೂ ಎಷ್ಟೋ ವಸ್ತುಗಳು ಬೆನ್ನು ಬಿಚ್ಚಿಕೊಂಡು ಕುಳಿತಿರಬೇಕು. ಅವುಗಳ ಒಳಗೂ ಬರೆಯಿರಿ. ಇದು ಎಲ್ಲರಿಗೂ ಗೊತ್ತಿರುವುದೇ, ಬರೆಯುವುದೇನು ಎಂದು ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಳ್ಳಬೇಡಿ. ಆರಿಸಿದ ಮೇಲೂ ಬಲ ಉಳಿಯುತ್ತದೆಂಬುದು ನಿಮ್ಮ ಓಣಿಯ ಮೆಕ್ಯಾನಿಕ್ಕುಗಳಿಗೆಲ್ಲ ಗೊತ್ತಿದ್ದಿರಬೇಕು, ಅದಕ್ಕೇ ಯಾರೂ ಬರೆಯಲಿಲ್ಲ, ಅದಕ್ಕೇ ನಮಗೆ ತಲುಪಲಿಲ್ಲ. ನೀವು ಬರೆದ ಒಂದು ಸಾಲು ಮಾತ್ರ ತಲುಪಿತು. ಅದರಿಂದ ಇಲ್ಲಿ ಒಬ್ಬ ಹೆಂಗಸು ಈಗಲೂ ಗಟ್ಟಿ ದನಿಯಲ್ಲಿ ಬೈದಾಡಿಕೊಂಡು ಓಡಾಡುತ್ತಿದ್ದಾಳೆ.

ಹೊರಗೆ ಮೊದಲ ಮಳೆ ಹಿಡಿದಿದೆ. ನಾನು ಈ ಕಾಗದವನ್ನು ವಾಲ್ವುಗಳಿಗೆ ತಾಗದಂತೆ ಒಂದು ಮೂಲೆಯಲ್ಲಿಟ್ಟು ಬೆನ್ನಿನ ಹಲಗೆಯನ್ನು ಮುಚ್ಚಬೇಕು. ಪ್ಲಗ್ಗು ಕಿತ್ತು ಒಂದು ಗಂಟೆಯಾಯಿತು. ಆದರೂ ಫಕ್ಕೀರವ್ವ ಪಕ್ಕದಲ್ಲೇ ನಿಂತು ನನ್ನ ಎಡಗೈಯನ್ನೇ ನೋಡುತ್ತಿದ್ದಾಳೆ. ಅದು ಕಿಸೆಯಲ್ಲಿದೆ. ಒಂದೇ ಕೈಯಲ್ಲಿ ಮಡಿಸಿದ್ದರಿಂದ ಕಾಗದದ ಮಡಿಕೆ ಸೊಟ್ಟಗಾಗಿದ್ದರೆ ಮನ್ನಿಸಿ.

ನಿಮ್ಮ ಅಂಗಡಿಯನ್ನು ಈಗ ನೋಡಿಕೊಳ್ಳುತ್ತಿರುವವಳು,
ಶಾಂಭವಿ ಹುಲಕೋಟಿ